ಸಂತೋಷ ಪಡಿಬೋದಾ, ಅಜ್ಜಿ?

ಮೊನ್ನೆ ಸೊಸೆ ಬಂದು, 'ಅತ್ತೆ, ಮಗು ಬರೋ ಹೊತ್ತಾಯ್ತು, ನಿಮ್ಮ ಕಾಡಿಗೆ ಡಬ್ಬಿ ಎಲ್ಲಿ?' ಅಂದಾಗ ನನಗೆ ತಟ್ಟನೆ ಹೇಳಲಾಗಲಿಲ್ಲ. ಒಂದು ಕಾಲದಲ್ಲಿ ಆ ಡಬ್ಬಿ ನನ್ನ ಸೊಂಟದಿಂದ ಇಳಿದದ್ದೇ ಇಲ್ಲ. ಅಡುಗೆಮನೆಯ ಶೆಲ್ಫು, ಟ್ರಂಕು, ಹಾಸಿಗೆಯ ಕೆಳಗೆ ಎಲ್ಲ ಹುಡುಕಿ, ಕೊನೆಗೆ ದೇವರ ಗೂಡಿನ ಹಿಂದೆ ಬತ್ತಿಕಟ್ಟಿನ ಕೆಳಗೆ ಸಿಕ್ಕಿತು. ಹಿತ್ತಾಳೆಯದು, ಹೆಬ್ಬೆರಳ ಗಾತ್ರ. ಮುಚ್ಚಳ ತಿರುಗಿಸಿ ನೋಡಿದರೆ ಕಾಡಿಗೆ ಒಣಗಿ, ಬಿರುಕು ಬಿಟ್ಟು, ತಳಕ್ಕೆ ಹತ್ತಿಕೊಂಡಿತ್ತು. ಅದನ್ನು ನೋಡಿ ನನಗೆ ನಗು ಬಂತು. ಡಬ್ಬಿ ಹಿಡಿದುಕೊಂಡು ಅಲ್ಲೇ ಮಣೆಯ ಮೇಲೆ ಕೂತು ನಕ್ಕೆ. ಮೊಣಕಾಲು ನೋವಿನವಳು ಮಣೆಯ ಮೇಲೆ ಕೂತದ್ದೇ ಸೊಸೆಗೆ ಆಶ್ಚರ್ಯ.

ಆ ನಗುವಿನ ಕಾರಣ ನಿಮಗೆ ಹೇಳಬೇಕು. ಹೇಳುವುದಕ್ಕೆ ನಾನೇನೂ ಓದಿದವಳಲ್ಲ. ನಂಜನಗೂಡಿನ ಹತ್ತಿರದ ಒಂದು ಊರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಹೋದೆ. ಐದನೆಯದಕ್ಕೆ ಹೊಳೆ ದಾಟಬೇಕಿತ್ತು, ಹೆಣ್ಣುಮಗಳನ್ನು ದಾಟಿಸುವುದು ಬೇಡ ಅಂದರು. ಅಕ್ಷರ ಮಾತ್ರ ದುಂಡಗೆ ಬರೆಯುತ್ತೇನೆ.

ನಮ್ಮ ಅಮ್ಮನ ಮನೆಯಲ್ಲಿ ಸಂತೋಷವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಹೇಳಿದರೆ ದೃಷ್ಟಿ ತಾಕುತ್ತದೆ. ಹಸು ಚೆನ್ನಾಗಿ ಹಾಲು ಕೊಟ್ಟರೆ, 'ಏನೋ ಕರುವಿಗಾಗುವಷ್ಟು ಇಳಿಸ್ತಾ ಇದೆ' ಅನ್ನಬೇಕು. ಪಕ್ಕದ ಮನೆಯಾಕೆ ತಮ್ಮನನ್ನು ನೋಡಿ ಮಗು ಗುಂಡಗಿದೆ ಅಂದರೆ, ಅಮ್ಮ ಅವನ ತೊಡೆ ಚಿವುಟಿ ಅಳಿಸಿ, 'ಎಲ್ಲಿ, ರಾತ್ರಿಯೆಲ್ಲ ಕೆಮ್ಮು' ಅನ್ನುತ್ತಿದ್ದಳು. ಅವನಿಗೆ ಕೆಮ್ಮು ಬಂದದ್ದನ್ನು ನಾನು ನೋಡೇ ಇಲ್ಲ. ನನಗೆ ಮದ್ರಾಸಿನ ರೈಲ್ವೆಯ ಗಂಡು ಗೊತ್ತಾದಾಗ ಊರೆಲ್ಲ ಬಂದು ವಿಚಾರಿಸಿತು. ಅಮ್ಮ ಎಲ್ಲರಿಗೂ, 'ಅದೇನೋ ಕಬ್ಬಿಣದ ಕೆಲಸವಂತೆ' ಅಂದುಬಿಟ್ಟಳು. ಮದುವೆಯ ದಿನದವರೆಗೂ ಊರಿನವರು ನಾನು ಕುಲುಮೆಯವನ ಮನೆಗೆ ಹೋಗುತ್ತಿದ್ದೇನೆ ಅಂದುಕೊಂಡಿದ್ದರು.

ನಮ್ಮ ಯಜಮಾನರು ತಾಂಬರಂ ಕಡೆಯ ರೈಲ್ವೆ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದರು. ನೋಡಲು ಚೆನ್ನಾಗಿದ್ದರು. ಈಗ ಹೇಳಬಹುದು. ಆಗ ಹೇಳುವ ಹಾಗಿರಲಿಲ್ಲವಾದ್ದರಿಂದ, ಅವರು ಹೊಸ ಶರ್ಟು ಹಾಕಿಕೊಂಡ ದಿನ ಕಿವಿಯ ಹಿಂದೆ ಒಂದು ಕಾಡಿಗೆ ಬೊಟ್ಟು ಇಟ್ಟು ಕಳಿಸುತ್ತಿದ್ದೆ. ಶೆಡ್ಡಿನ ಮೇಸ್ತ್ರಿ ಒಂದು ದಿನ, 'ಏನಯ್ಯಾ, ಕೆಲಸಕ್ಕೆ ಕೈ ಹಾಕುವ ಮೊದಲೇ ಗ್ರೀಸ್ ಹತ್ತಿಸಿಕೊಂಡು ಬಂದಿದ್ದೀಯ' ಅಂದನಂತೆ. ಇವರು ಹೌದು ಸಾರ್ ಅಂದರಂತೆ. ಪಾಪ, ಹೆಂಡತಿಯ ಬೊಟ್ಟು ಅನ್ನಲಿಲ್ಲ. ಸಂಜೆ ನನಗೆ ಹೇಳಿ ನಕ್ಕರು. ಬೊಟ್ಟು ಇಡಬೇಡ ಅಂತ ಮಾತ್ರ ಹೇಳಲಿಲ್ಲ.

ಹೀಗೆ ಅಭ್ಯಾಸವಾದವಳು ನಾನು. ಮಗ ಶ್ರೀಧರನಿಗೆ ವಿಮಾ ಆಫೀಸಿನಲ್ಲಿ ಕೆಲಸ ಸಿಕ್ಕಾಗಲೂ, ಬ್ಯಾಂಕಿನಲ್ಲಿರುವ ಸೊಸೆ ಬಂದಾಗಲೂ ಇದೇ ರಾಗ. ಅವರಿಗೆ ಮಗಳು ಹುಟ್ಟಿದಳು, ವಸುಧಾ, ನಮ್ಮ ವಸು. ಆಸ್ಪತ್ರೆಯಲ್ಲಿ ಅವಳನ್ನು ನನ್ನ ಕೈಗೆ ಕೊಟ್ಟರು. ಅಷ್ಟು ಚಂದದ ಮಗುವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಎದುರು ಮನೆಯ ರಾಜಂ ಮಾಮಿ, ತಮಿಳಿನವರು, ಜೊತೆಗೆ ಬಂದಿದ್ದರು. ಮಗು ಹೇಗಿದೆ ಅಂತ ಕೇಳಿದರು. ಕಪ್ಪಗೆ ಕಾಗೆಮರಿ ಹಾಗಿದೆ ಅಂದೆ. ಮಗುವಿನ ಕೆನ್ನೆಗೊಂದು, ಅಂಗಾಲಿಗೊಂದು ಬೊಟ್ಟು ಇಟ್ಟೆ. ನನ್ನ ಲೆಕ್ಕದಲ್ಲಿ ಅದು ಹಬ್ಬ ಮಾಡಿದ ಹಾಗೆ.

ಮದ್ರಾಸಿನಲ್ಲಿ ಬೆಳೆದ ಮಕ್ಕಳು ಹೇಗೆಂದು ನಿಮಗೆ ಗೊತ್ತಲ್ಲ. ನಾವು ಕನ್ನಡದಲ್ಲಿ ಕರೆದರೆ ತಮಿಳಿನಲ್ಲಿ ಓಗೊಡುತ್ತವೆ. ವಸುವಿನ ಬಾಯಲ್ಲಿ ಪೂರ್ತಿ ಕನ್ನಡವಾಗಿದ್ದ ಮಾತು 'ಅಜ್ಜಿ' ಒಂದೇ. ಉಳಿದದ್ದು ಅರ್ಧ ತಮಿಳು, ಕಾಲು ಇಂಗ್ಲಿಷು, ಕೊನೆಗೆ ನನ್ನ ಸಮಾಧಾನಕ್ಕೆ ಒಂದು 'ಅಲ್ವಾ'. ಓದಿನಲ್ಲಿ ಚುರುಕು. ಹತ್ತನೆಯದರಲ್ಲಿ ಶಾಲೆಗೇ ಮೊದಲು ಬಂದಳು. ಆ ದಿನ ಬೀದಿಗೆ ನೀರಿನ ಲಾರಿ ಬಂದಿತ್ತು. ಕೊಡ ಹಿಡಿದು ನಿಂತಿದ್ದ ಹೆಂಗಸರೆಲ್ಲ ನನ್ನನ್ನು ಕೇಳಿದರು. ಏನೋ ಪಾಸಾದಳು ಅಂದೆ. ಮನೆಗೆ ಬಂದು ಉಪ್ಪು, ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದೆ. ಮೆಣಸಿನಕಾಯಿ ಘಾಟು ಬರಲಿಲ್ಲ. ನನ್ನ ಲೆಕ್ಕದಲ್ಲಿ, ಎಷ್ಟು ದೃಷ್ಟಿ ಬಿದ್ದಿತ್ತೋ ನೋಡಿ.

ಮುಂದೆ ಅವಳು ಆಸೆಪಟ್ಟದ್ದು ಡಾಕ್ಟರ್ ಓದು. ಪ್ರವೇಶ ಪರೀಕ್ಷೆಯಲ್ಲಿ ಸ್ವಲ್ಪದರಲ್ಲಿ ಸೀಟು ತಪ್ಪಿತು. ಬೇರೆ ಕಾಲೇಜುಗಳ ಬಾಗಿಲೆಲ್ಲ ಮುಚ್ಚುತ್ತಿದ್ದ ಹೊತ್ತು. ಒಂದು ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಖಾಲಿ ಇತ್ತು, ಹಾಕಿಬಂದೆವು. ವಸು ಬೇಕು ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಬೆಳಿಗ್ಗೆ ಎಲೆಕ್ಟ್ರಿಕ್ ಟ್ರೇನು ಹತ್ತುವಳು, ಸಂಜೆ ಇಳಿಯುವಳು. ಊಟಕ್ಕೆ ಕರೆದರೆ ಬರುವಳು. ನಗು ಅನ್ನುವುದು ಹೊರಟುಹೋಗಿತ್ತು. ಆ ಕಾಲೇಜಿನಲ್ಲಿ ಮಕ್ಕಳು ಎಲ್ಲರ ಮುಂದೆ ನಿಂತು ಒಂದು ವಿಷಯ ಮಾತಾಡಬೇಕಂತೆ, ಸೆಮಿನಾರು ಅಂತ. ಇವಳ ಸರದಿ ಬಂದ ದಿನ ಎದ್ದು ನಿಂತಳಂತೆ, ಬಾಯಿ ತೆರೆದಳಂತೆ, ಒಂದು ಮಾತೂ ಬರದೆ ಕೂತುಬಿಟ್ಟಳಂತೆ. ಮನೆಗೆ ಬಂದು, ಇನ್ನು ಹೋಗುವುದಿಲ್ಲ ಅಂದಳು. ಅವಳ ಟೀಚರಮ್ಮ ಒಳ್ಳೆಯವರು, ಫೋನು ಮಾಡಿ ಇನ್ನೊಂದು ಸಲ ಅವಕಾಶ ಕೊಡುತ್ತೇನೆ ಅಂದರು. ಶ್ರೀಧರ, ಅದೂ ಆಗದಿದ್ದರೆ ಕಾಲೇಜು ಬಿಡಿಸಿ ಕಂಪ್ಯೂಟರ್ ಕ್ಲಾಸಿಗೆ ಹಾಕುವುದು ಅಂತ ತೀರ್ಮಾನಿಸಿದ. ಸಿಟ್ಟಿನಿಂದಲ್ಲ, ಅವನಿಗೂ ಮಗಳ ಮುಖ ನೋಡಲಾಗುತ್ತಿರಲಿಲ್ಲ. ಆ ದಿನಗಳಲ್ಲಿ ನಮ್ಮ ಮನೆಯ ಚಿಂತೆ ಇದೊಂದೇ.

ಟೀಚರಮ್ಮ ಅವಳಿಗೊಂದು ದಾರಿ ಹೇಳಿಕೊಟ್ಟಿದ್ದರು. ಮೊದಲು ಮನೆಯಲ್ಲಿ, ಓದಿಲ್ಲದ ಒಬ್ಬರಿಗೆ, ಮನೆ ಮಾತಿನಲ್ಲಿ ಹೇಳು, ಆಮೇಲೆ ಇಲ್ಲಿ ಬಂದು ಹೇಳು ಅಂತ. ನಮ್ಮ ಮನೆಯಲ್ಲಿ ಓದಿಲ್ಲದವರು ಅಂದರೆ ನಾನು. ಅಷ್ಟರಮಟ್ಟಿಗೆ ಉಪಯೋಗಕ್ಕೆ ಬಂದೆ.

ಸಂಜೆ ನಾನು ಹುರುಳಿಕಾಯಿ ಹೆಚ್ಚುತ್ತಿದ್ದೆ. ವಸು ಬಂದು ಎದುರಿಗೆ ಕೂತಳು. ನೆಲ ನೋಡಿಕೊಂಡು, ಮೆಲ್ಲಗೆ ಕೇಳಿದಳು.

'ಅಜ್ಜಿ, ಸಂತೋಷ ಪಡಿಬೋದಾ?'

ನನ್ನ ಕೈ ನಿಂತುಹೋಯಿತು. ಎಷ್ಟೋ ತಿಂಗಳಿಂದ ನಗದ ಹುಡುಗಿ, ಸಂತೋಷ ಪಡಬಹುದಾ ಅಂತ ಅಪ್ಪಣೆ ಕೇಳುತ್ತಿದ್ದಾಳೆ. ಈಳಿಗೆಮಣೆ ಪಕ್ಕಕ್ಕೆ ಸರಿಸಿದೆ.

'ಪಡು ನನ್ ಕಂದ. ಬೇಡ ಅಂದೋರ್ಯಾರು? ಅದ್ಯಾಕೆ ಹಂಗೆ ಕೇಳ್ತೀಯ?'

ಅವಳು ತಲೆಯೆತ್ತಿ ನೋಡಿದಳು. ನನ್ನ ಕಣ್ಣಿನಲ್ಲಿ ನೀರು ಕಂಡು ಗಾಬರಿಯಾದಳು. 'ಐಯೋ ಅಜ್ಜಿ, ಅದಿಲ್ಲೆ. ಪಡಿಕ್ಕಿರದು. ಸ್ಕೂಲ್‌ಲ್ಲಿ ಪಡಿಕ್ಕಿರಾಂಗಳೇ, ಅದು. ಪಾಠ.'

ತಮಿಳಿನಲ್ಲಿ ಪಡಿ ಅಂದರೆ ಓದು, ಕಲಿ. ಅವಳು ಕೇಳಿದ್ದು, ಸಂತೋಷವನ್ನು ಪಾಠದ ಹಾಗೆ ಕಲಿಯಬಹುದಾ ಅಂತ. ಅದೇ ಅವಳ ಸೆಮಿನಾರಿನ ವಿಷಯ. ಕನ್ನಡ ಬಾರದ ಮೊಮ್ಮಗಳು, ಕನ್ನಡ ಬಿಟ್ಟು ಬೇರೆ ಸರಿಯಾಗಿ ಬಾರದ ಅಜ್ಜಿ ಸೇರಿದರೆ ಹೀಗೇ. ಆದರೂ ನನ್ನ ಕಣ್ಣೀರು ಬಂದದ್ದು ಬಂದಿತ್ತು, ವಾಪಸ್ ಕಳಿಸಲಾಗಲಿಲ್ಲ. ಅವಳು ಅದನ್ನೇ ನೋಡುತ್ತಾ ಕೂತಿದ್ದಳು.

ಆಮೇಲೆ ಕತೆ ಶುರುಮಾಡಿದಳು. 'ಗ್ರೀಸ್‌ನಲ್ಲಿ ಒಬ್ಬ ಮುದುಕ ಇದ್ದ ಅಜ್ಜಿ.'

ಗ್ರೀಸ್‌ನಲ್ಲಿ ಯಾಕಿದ್ದ, ಮೈ ತೊಳೆದುಕೊಳ್ಳಬಾರದಿತ್ತೇ ಅಂದೆ. ಫಿಟ್ಟರನ ಹೆಂಡತಿಗೆ ಆ ಮಾತು ಕೇಳಿದರೆ ಬೇರೆ ಏನು ಕಾಣುತ್ತದೆ? ಮೂವತ್ತು ವರ್ಷ ಸೀಗೆಪುಡಿ ಹಾಕಿ ಆ ಕರೆ ತಿಕ್ಕಿದ್ದೇನೆ. ವಸು ಗೋಡೆಗೆ ಒರಗಿ ನಕ್ಕಳು. ಅದೊಂದು ದೇಶ ಅಜ್ಜಿ, ದೇಶ, ಅಂದಳು. ನಕ್ಕು ನಕ್ಕು ಬಿಕ್ಕಳಿಕೆ ಬಂತು. ನಾನು ನೀರು ತರಲು ಎದ್ದವಳು, ಅಡುಗೆಮನೆಯಲ್ಲಿ ಲೋಟ ಹಿಡಿದು ಸುಮ್ಮನೆ ಆ ಬಿಕ್ಕಳಿಕೆ ಕೇಳುತ್ತಾ ನಿಂತೆ. ಕೈ ತಾನಾಗಿ ಸೊಂಟದ ಕಾಡಿಗೆ ಡಬ್ಬಿಗೆ ಹೋಗಿತ್ತು.

ಅಲ್ಲಿಂದ ದಿನಾ ಸಂಜೆ ನಮಗೆ ಆ ದೇಶದ ಕತೆ. ಅವರ ಹೆಸರುಗಳು ನನ್ನ ನಾಲಿಗೆಗೆ ಹೊರಳುವುದಿಲ್ಲ, ಅದಕ್ಕೆ ನಾನೇ ಹೆಸರಿಟ್ಟುಕೊಂಡೆ. ಮೊದಲನೆಯವನು ಬರಿಗಾಲಿನವನು. ಚಪ್ಪಲಿಯಿಲ್ಲದೆ ಸಂತೆಯಲ್ಲಿ ತಿರುಗಿ ಕಂಡಕಂಡವರನ್ನು ಪ್ರಶ್ನೆ ಕೇಳುತ್ತಿದ್ದನಂತೆ. ಒಳ್ಳೆಯದು ಯಾವುದೆಂದು ನಿಜವಾಗಿ ತಿಳಿದರೆ ಮನುಷ್ಯ ಒಳ್ಳೆಯದನ್ನೇ ಮಾಡುತ್ತಾನೆ, ಹಾಗೆ ಬದುಕಿದವನೇ ಸುಖಿ, ಆದ್ದರಿಂದ ಎಲ್ಲ ಇರುವುದು ತಿಳಿಯುವುದರಲ್ಲಿ ಅನ್ನುವುದು ಅವನ ವಾದ. ಸಂತೆಯಿಂದ ಮನೆಗೆ ತರಕಾರಿ ಯಾರು ತರುತ್ತಿದ್ದರು ಅಂತ ಕೇಳಿದೆ. ಅದು ಪುಸ್ತಕದಲ್ಲಿ ಇಲ್ಲ ಅಂದಳು. ಸಿಹಿ ಕೂಡದು ಅಂತ ಡಾಕ್ಟರು ಹೇಳಿದ್ದು ನನಗೆ ಚೆನ್ನಾಗಿ ತಿಳಿದಿದೆಯಲ್ಲ, ಆದರೂ ಮೈಸೂರುಪಾಕು ಕಂಡರೆ ಬಿಡುತ್ತೇನೆಯೇ, ತಿಳಿದರೆ ಸಾಕು ಅನ್ನುವವನನ್ನು ಹೇಗೆ ನಂಬಲಿ ಅಂದೆ. ಆಮೇಲೆ ಬಂದವನೊಬ್ಬನೂ ಅದನ್ನೇ ಕೇಳಿದ ಅಂದಳು.

ತೋಟದವನೊಬ್ಬ ಇದ್ದ. ಗೆಳೆಯರು, ರೊಟ್ಟಿ, ನೀರು, ಮನಸ್ಸಿನಲ್ಲಿ ಹೆದರಿಕೆಯಿಲ್ಲದಿರುವುದು, ಇಷ್ಟೇ ಸಾಕು ಅಂದವನು. ಅವನು ನನಗೆ ಹಿಡಿಸಿದ. ಬೆಸೆಂಟ್ ನಗರದ ಬೀಚಿನಲ್ಲಿ ಸುಂಡಲು ಮೆಲ್ಲುತ್ತಾ ಮರಳಿನ ಮೇಲೆ ಕೂತ ರಿಟೈರಾದವರ ಗುಂಪು ನೋಡಿದಾಗೆಲ್ಲ ಈಗಲೂ ಅವನ ನೆನಪಾಗುತ್ತದೆ. ನೀರು ಸಾಕು ಅಂದನಲ್ಲ, ಅವನ ಬೀದಿಗೆ ಲಾರಿ ಸರಿಯಾಗಿ ಬರುತ್ತಿದ್ದಿರಬೇಕು.

ವಸು ಸಿಕ್ಕಿಕೊಂಡದ್ದು ಮುಖ್ಯವಾದವನ ಹತ್ತಿರ. ಬರಿಗಾಲಿನವನ ಶಿಷ್ಯನ ಶಿಷ್ಯ. ಅವನು ನೇರವಾಗಿ ಈ ಪ್ರಶ್ನೆಯನ್ನೇ ಇಟ್ಟುಕೊಂಡು ಕೂತನಂತೆ: ಸುಖ ಬರುವುದು ಕಲಿಕೆಯಿಂದಲೋ, ರೂಢಿಯಿಂದಲೋ, ದೇವರು ಕೊಡುತ್ತಾನೋ, ಸುಮ್ಮನೆ ಅದೃಷ್ಟವೋ? ಅದೃಷ್ಟವೂ ಸ್ವಲ್ಪ ಬೇಕು, ಹೊಟ್ಟೆಗಿಲ್ಲದವನಿಗೆ, ನಂಟರಿಷ್ಟರಿಲ್ಲದವನಿಗೆ ಕಷ್ಟ ಅಂತ ಒಪ್ಪಿಕೊಂಡನಂತೆ. ಆದರೆ ಸುಖ ಅನ್ನುವುದು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಒಡವೆಯಲ್ಲ, ಮಾಡುವ ಕೆಲಸ. ಮನೆ ಕಟ್ಟಿ ಕಟ್ಟಿ ಮೇಸ್ತ್ರಿಯಾಗುವ ಹಾಗೆ, ತಂತಿ ಮೀಟಿ ಮೀಟಿ ವಾದ್ಯಗಾರನಾಗುವ ಹಾಗೆ ದಿನಾ ಮಾಡಿ ಬರಬೇಕಾದದ್ದು ಅನ್ನುವುದು ಅವನ ಮಾತು. ಇದನ್ನೆಲ್ಲ ಅವಳು ನನಗೆ ಹೇಳುವಷ್ಟರಲ್ಲಿ ಬೆವರಿದಳು. ತಮಿಳಿನಲ್ಲಿ ಓದುವುದು ಪಡಿಪ್ಪು, ರೂಢಿ ಪಳಕ್ಕಂ. ಇಂಗ್ಲಿಷಿನಲ್ಲಿ ಇನ್ನೇನೋ. ಕನ್ನಡದಲ್ಲಿ ಏನು ಅಂತ ಕೇಳಿದಳು.

ಅಭ್ಯಾಸ ಅಂದೆ.

ಯಾವುದಕ್ಕೆ ಅಂದಳು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಮ್ಮ ಶಾಲೆಯ ಮೇಷ್ಟರು ದಿನಾ ಪಾಠ ಅಭ್ಯಾಸ ಮಾಡಿ ಅನ್ನುತ್ತಿದ್ದರು. ಸಂಗೀತದವರು ಬೆಳಿಗ್ಗೆ ಎದ್ದು ಅಭ್ಯಾಸ ಮಾಡುತ್ತಾರೆ. ನಿನ್ನ ತಾತನಿಗೆ ನಶ್ಯದ ಅಭ್ಯಾಸ ಅಂದೆ. ಎಲ್ಲ ಅದೇ.

'ಎರಡುಕ್ಕೂ ಒಂದೇ ವಾರ್ತೆಯಾ?' ಅಂದಳು. ವಾರ್ತೆ ಅಂದರೆ ರೇಡಿಯೋದಲ್ಲಿ ಓದುವುದು ಅಂದುಕೊಂಡೆ. ಅವಳು ಕೇಳಿದ್ದು ಒಂದೇ ಪದವಾ ಅಂತ. ಹೌದು ಅಂದೆ. ಅವಳು ತುಟಿ ಅಲುಗಿಸಿ, ಅಭ್ಯಾಸ, ಅಭ್ಯಾಸ ಅಂತ ತನಗೇ ಹೇಳಿಕೊಂಡಳು. ನನಗೆ ಅದರಲ್ಲಿ ದೊಡ್ಡದೇನೂ ಕಾಣಲಿಲ್ಲ. ಒಲೆಯ ಮೇಲೆ ಹಾಲಿದೆ, ನೋಡು ಅಂದೆ.

ಹಾಲು ಇಳಿಸಿ ಬಂದು ಅವಳು ಕೂರಲಿಲ್ಲ. ಬಾಗಿಲಿಗೆ ಒರಗಿ ನಿಂತಳು.

'ಅಭ್ಯಾಸ ಮಾಡಿದ್ರೆ ಬರುತ್ತೆ ಅಂತಾನೆ ಅವನು. ಈ ಮನೇಲಿ ಯಾರು ಮಾಡಿದಾರೆ ಅಜ್ಜಿ? ಟೆಂತ್‌ಲ್ಲಿ ನಾನು ಫಸ್ಟ್ ಬಂದಾಗ ನೀನು ಲಾರಿ ಹತ್ರ ಏನೋ ಪಾಸಾದಳು ಅಂದೆ. ನಾನು ಮೇಲೆ ಮಹಡಿಯಿಂದ ಕೇಳ್ತಾ ಇದ್ದೆ. ನನ್ನಿಂದ ಒಬ್ರಿಗೂ ಸಂತೋಷ ಆದದ್ದೇ ಇಲ್ಲೆ.'

ದನಿ ಏರಿಸಲಿಲ್ಲ. ಪಾಠ ಒಪ್ಪಿಸಿದ ಹಾಗೆ ಹೇಳಿದಳು. ನಾನು ಡಬ್ಬಿ ತೆಗೆದು ತೋರಿಸಿದೆ. ದೃಷ್ಟಿಯ ವಿಷಯ, ಅಮ್ಮ ತಮ್ಮನ ತೊಡೆ ಚಿವುಟುತ್ತಿದ್ದದ್ದು, ತಾತನ ಕಿವಿಯ ಹಿಂದಿನ ಬೊಟ್ಟು, ಆ ದಿನ ಘಾಟು ಬರದ ಮೆಣಸಿನಕಾಯಿ, ಎಲ್ಲ ಹೇಳಿದೆ. ಕಾಗೆಮರಿ ಅಂದದ್ದು ಯಾಕೆಂದೂ ಹೇಳಿದೆ. ಅವಳು ಕೇಳಿಸಿಕೊಂಡಳು. ತಾತನ ವಿಷಯಕ್ಕೆ ಸ್ವಲ್ಪ ನಕ್ಕಳು. ಆಮೇಲೆ, 'ದೃಷ್ಟಿಗೆ ತಿಳೀಬಾರದು ಸರಿ. ನನಗೆ ಎಪ್ಪಡಿ ಅಜ್ಜಿ ತಿಳಿಯೋದು?' ಅಂದಳು. ತನಗೆ ಹೇಗೆ ತಿಳಿಯಬೇಕು ಅಂತ. ನಾನು ಡಬ್ಬಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮಾರನೆಯ ಸಂಜೆ ಅಭ್ಯಾಸ ಶುರು ಮಾಡೋಣ ಅಂತ ನಾನೇ ಅಂದೆ. ಅವಳು ನಿಂತು ಸೆಮಿನಾರು ಹೇಳಬೇಕು, ಅದು ಮುಗಿದಮೇಲೆ ನಾನು ಆ ದಿನದ ಒಂದು ಸಂತೋಷವನ್ನು, ಅದರ ಬಾಲಕ್ಕೆ ಏನೂ ಕಟ್ಟದೆ, ಜೋರಾಗಿ ಹೇಳಬೇಕು. ಕೇಳುವುದಕ್ಕೆ ಸುಲಭ. ಮೊದಲ ದಿನ, 'ಪಲ್ಯ ಚೆನ್ನಾಗಿತ್ತು' ಅಂದೆ, ನಾಲಿಗೆ ತಾನಾಗಿ 'ಉಪ್ಪು ಸ್ವಲ್ಪ ಮುಂದು' ಅಂತ ಸೇರಿಸಿತು. ಫೇಲ್ ಅಂದಳು. ಇನ್ನೊಂದು ದಿನ, 'ಇವತ್ತು ಮೊಣಕಾಲು ನೋವಿರಲಿಲ್ಲ' ಅಂದೆ; 'ನಾಳೆ ಗೊತ್ತಿಲ್ಲ' ಅನ್ನುವಷ್ಟರಲ್ಲಿ ಬಾಯಿ ಮುಚ್ಚಿಕೊಂಡೆ. ಅರ್ಧ ಮಾರ್ಕು ಕೊಟ್ಟಳು. ಅವಳದ್ದೂ ಹೀಗೇ. ಹೇಳುತ್ತಾ ಹೇಳುತ್ತಾ ನಡುವೆ ನಿಂತುಬಿಡುವಳು, ಕಿವಿ ಕೆಂಪಾಗುವುದು. ನಾನು ಹುರುಳಿಕಾಯಿ ಹೆಚ್ಚುತ್ತಾ ಕಾಯುತ್ತಿದ್ದೆ. ಮುಂದಿನ ಮಾತು ನನಗೂ ಗೊತ್ತಿಲ್ಲವಲ್ಲ, ಹೇಳಿಕೊಡುವುದೆಂತು? ಕಾದರೆ ಬರುತ್ತಿತ್ತು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಪಲ್ಯ ಯಾವಾಗಲೂ ಸಣ್ಣಗೆ ಹೆಚ್ಚಿದ್ದು.

ಸೆಮಿನಾರಿನ ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ನಿಂತವಳು ಹಿಂದಿರುಗಿ, 'ಪಡಿಬೋದಾ ಅಜ್ಜಿ?' ಅಂದಳು. ಯಾವ ಭಾಷೆಯದೋ ಗೊತ್ತಾಗಲಿಲ್ಲ. ಹೋಗಿ ಬಾ ಅಂದೆ, ಬೇರೇನೂ ಹೊರಡಲಿಲ್ಲ.

ಸಂಜೆ ನಾನು ಗೇಟಿನಲ್ಲೇ ನಿಂತಿದ್ದೆ. ದಿನಾ ಬರುವ ಹೊತ್ತು ಮೀರಿತು, ಎರಡು ಟ್ರೇನಿನ ಜನ ಬೀದಿಯಲ್ಲಿ ಹಾದುಹೋಯಿತು. ಆಮೇಲೆ ಬಂದಳು. ಮುಖ ನೋಡಿದರೆ ಏನೂ ತಿಳಿಯದು. ಹತ್ತಿರ ಬಂದು ಬ್ಯಾಗು ಇಳಿಸಿ, 'ನಡುವಲ್ಲಿ ನಿಂತೋಯ್ತು ಅಜ್ಜಿ,' ಅಂದಳು. 'ಎಲ್ಲರೂ ನೋಡ್ತಾ ಇದ್ರು. ನೀನು ಹುರುಳಿಕಾಯಿ ಹೆಚ್ಚೋದು ನೆನೆಸ್ಕೊಂಡೆ. ಆಮೇಲೆ ಬಂದ್‌ಬಿಡ್ತು. ಪೂರಾ ಹೇಳ್ದೆ.' ಅಭ್ಯಾಸ ಅನ್ನುವ ಮಾತನ್ನು ಟೀಚರಮ್ಮ ಬೋರ್ಡಿನ ಮೇಲೆ ಬರೆಸಿದರಂತೆ. ಕನ್ನಡ ಅಕ್ಷರ ಬಾರದ ಇವಳು ಇಂಗ್ಲಿಷಿನಲ್ಲಿ ಬರೆದಳಂತೆ.

ಅಷ್ಟರಲ್ಲಿ ಎದುರು ಮನೆಯ ಮೆಟ್ಟಿಲಿಂದ ರಾಜಂ ಮಾಮಿ ಕೂಗಿ ಕೇಳಿದರು, ಮಗುವಿನ ವಿಷಯ ಏನಾಯಿತು ಅಂತ. ಪಕ್ಕದ ಮನೆಯವರೂ ಬೀದಿಯಲ್ಲೇ ಇದ್ದರು. ನನ್ನ ಬಾಯಿಗೆ 'ಏನೋ, ಹೆಂಗೋ ಆಯ್ತು' ಬಂದು ಕೂತಿತ್ತು. ವಸು ಬ್ಯಾಗು ಎತ್ತಿಕೊಂಡು ಒಳಗೆ ಹೊರಟಿದ್ದಳು. ಆ ಮಾತು ಅವಳು ಎಷ್ಟೋ ಸಲ ಕೇಳಿದ್ದಾಳೆ, ಕೇಳುವುದಕ್ಕೆ ನಿಲ್ಲಬೇಕಾಗಿರಲಿಲ್ಲ.

ನಾನು ಗೇಟು ಹಿಡಿದುಕೊಂಡು, ನನಗೆ ಬರುವ ತಮಿಳಿನಲ್ಲಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ. 'ಎನ್ ಪೇತ್ತಿ ರೊಂಬ ನಲ್ಲಾ ಪೇಸಿನಾ, ಮಾಮಿ. ಎನಕ್ಕು ರೊಂಬ ಸಂತೋಷಂ.' ನನ್ನ ಮೊಮ್ಮಗಳು ಬಹಳ ಚೆನ್ನಾಗಿ ಮಾತಾಡಿದಳು, ನನಗೆ ಬಹಳ ಸಂತೋಷ. ಅಷ್ಟಕ್ಕೇ ನಿಲ್ಲಿಸಿದೆ. ಬಾಲ ಕಟ್ಟಲಿಲ್ಲ.

 ಮಾಮಿ ಮೆಟ್ಟಿಲಿಳಿದು ಬಂದು ನನ್ನ ಹಣೆ ಮುಟ್ಟಿ, 'ಒಡಂಬು ಸರಿಯಿಲ್ಲೆಯಾ?' ಅಂತ ಕೇಳಿದರು. ಮೈಗೆ ಹುಷಾರಿಲ್ಲವೇ ಅಂತ. ಹಿಂದೆ ಬಾಗಿಲಲ್ಲಿ ವಸು ನಿಂತಿದ್ದಳು.  ಬಂದು ನನ್ನ ಸೆರಗಿನ ತುದಿ ಹಿಡಿದುಕೊಂಡಳು, ಚಿಕ್ಕವಳಿದ್ದಾಗ ಲಾರಿಗೆ ಕೊಡ ಹಿಡಿದು ನಿಂತಾಗ ಹಿಡಿಯುತ್ತಿದ್ದ ಹಾಗೆ.

ಮಾರನೆಯ ದಿನ ಏನಾದರೂ ಕೆಟ್ಟದ್ದಾಗುತ್ತದೆ ಅಂತ ಕಾದೆ, ಸುಳ್ಳು ಹೇಳುವುದಿಲ್ಲ. ನೀರಿನ ಲಾರಿ ಬರಲಿಲ್ಲ. ನೋಡಿದೆಯಾ ಅಂದುಕೊಂಡೆ. ಆಮೇಲೆ, ಅದು ಹಿಂದಿನ ದಿನವೂ ಬಂದಿರಲಿಲ್ಲ ಅನ್ನುವುದು ನೆನಪಾಯಿತು. ಡಬ್ಬಿಯನ್ನು ಸೊಂಟದಿಂದ ಒಂದೇ ಸಲ ತೆಗೆದವಳಲ್ಲ ನಾನು. ಒಂದು ದಿನ ಮರೆತೆ, ಇನ್ನೊಂದು ದಿನ ಬೇಕಾಗಲಿಲ್ಲ. ಹಾಗೆ ಹಾಗೇ ಅದು ದೇವರ ಗೂಡು ಸೇರಿತು.

ವಸು ಈಗ ತಾನೂ ಟೀಚರಮ್ಮನಾಗಿ ಕಾಲೇಜಿನಲ್ಲಿ ಆ ಬರಿಗಾಲಿನವನ ಪಾಠ ಹೇಳುತ್ತಾಳೆ. ಮೊನ್ನೆ ಆಸ್ಪತ್ರೆಯಿಂದ ಮಗಳನ್ನು ಎತ್ತಿಕೊಂಡು ನೇರ ನಮ್ಮ ಮನೆಗೇ ಬಂದಳು. ಮಗುವನ್ನು ನನ್ನ ಮಡಿಲಿಗೆ ಹಾಕಿದರು. ರಾಜಂ ಮಾಮಿ ಕೋಲೂರಿಕೊಂಡು ಬಂದು ಬಗ್ಗಿ, ಹೇಗಿದೆ ಅಂತ ಕೇಳಿದರು. ಅವರಿಗೀಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಬಂಗಾರದ ಹಾಗಿದೆ, ಗುಂಡಗಿದೆ, ಮೂಗು ನನ್ನದೇ, ಇಷ್ಟು ಚಂದದ ಮಗು ಈ ಬೀದಿಗೇ ಇಲ್ಲ ಅಂದೆ. ಮಾಮಿ ಈಗ ನನ್ನ ಹಣೆ ಮುಟ್ಟುವುದಿಲ್ಲ, ಅವರಿಗೂ ಅಭ್ಯಾಸವಾಗಿದೆ.

ಎಲ್ಲರೂ ಆ ಕಡೆ ಹೋದಮೇಲೆ ವಸು ನನ್ನ ಪಕ್ಕಕ್ಕೆ ಸರಿದು ಕೂತಳು. ಮಗುವಿನ ಕೆನ್ನೆ ನೋಡುತ್ತಾ, ಯಾರಿಗೂ ಕೇಳದ ಹಾಗೆ, 'ಅಜ್ಜಿ, ಇಷ್ಟೊಂದು ಹೇಳಿಬಿಟ್ಟೆಯಲ್ಲ. ಸುಮ್ನೆ ಒಂದು ಬೊಟ್ಟು ಇಟ್‌ಬಿಡ್ತೀಯಾ?' ಅಂದಳು. ಅಷ್ಟೆಲ್ಲ ಓದಿದ ಟೀಚರಮ್ಮನ ಮುಖ, ಮಗು ಹೆತ್ತ ಯಾವ ತಾಯಿಯ ಮುಖವೂ ಆಗುವ ಹಾಗೆ ಆಗಿತ್ತು.

ನಾನು ಡಬ್ಬಿಯ ಮುಚ್ಚಳ ತಿರುಗಿಸಿ ಅವಳ ಕೈಯಲ್ಲಿಟ್ಟೆ. 'ಒಣಗೋಗಿದೆ ಕಣೆ,' ಅಂದೆ.

ಅವಳು ಬೆರಳಿಂದ ಕೆರೆದು ನೋಡಿದಳು. ಏನೂ ಹತ್ತಲಿಲ್ಲ. 'ಮತ್ತೆ ಈಗ ಏನ್ ಮಾಡೋದು ಅಜ್ಜಿ?'

ನನ್ನ ಬಾಯಿಗೆ ಬಂದದ್ದು ಒಂದೇ ಮಾತು, ತಮಿಳಿನಲ್ಲಿ ಅದು ಪಾಠ ಕಲಿಯುವ ಮಗುವಿಗೆ ಹೇಳುವುದು. ಕನ್ನಡದಲ್ಲಿ, ಸಂತೋಷದ ಜೊತೆಗೆ, ತಾಯಿ ಮಗಳು ಇಬ್ಬರನ್ನೂ ಸೇರಿಸಿ ಹೇಳುವ ಮಾತು. ಸೆಮಿನಾರಿನ ದಿನ ಬೆಳಿಗ್ಗೆ ಅವಳು ಕೇಳಿದಾಗ ನನ್ನ ಬಾಯಿಂದ ಹೊರಡದೆ ಉಳಿದದ್ದು.

'ಪಡಿ,' ಅಂದೆ.